ಚಾರ್ಜ್ ಕೊಡದೆ ಹೋದ ಮಾಂತಪ್ಪ

ಅರ್ಥವಿಲ್ಲದ ಮಾತಿಗೂ ಅರ್ಥಿಂಗ್ ಇಲ್ಲದ ಮೋಟಾರಿಗೂ ಒಂದೇ ಗತಿ. ಎರಡಕ್ಕೂ ಹೋಗಿ ಇಳಿಯಲು ಜಾಗವಿಲ್ಲ. ಇದ್ದಲ್ಲೇ ಸುತ್ತಿ ಸುತ್ತಿ ಕಡೆಗೆ ಯಾರನ್ನಾದರೂ ಸುಡುತ್ತವೆ. ತುಪ್ಪದಹಾಳ ಜಾಕ್‌ವೆಲ್ಲಿನಲ್ಲಿ ನಡೆದದ್ದನ್ನು ಉಪ್ಪುಖಾರ ಹಚ್ಚದೆ ಹೇಳುವುದಾದರೆ, ಇವೆರಡೂ ಒಟ್ಟಿಗೇ ಗುರುಪಾದನ ಕೊರಳಿಗೆ ಹೇಗೆ ಬಿದ್ದವು ಎನ್ನುವಲ್ಲಿಂದ ಶುರು ಮಾಡಬೇಕು.

ಜಾಕ್‌ವೆಲ್ ಎಂದರೆ ಹೊಳೆಯ ಮಗ್ಗುಲಿಗೆ ನಿಂತ ದುಂಡನೆಯ ಕಾಂಕ್ರೀಟ್ ಬಾವಿ. ಕೆಳಗೆ ನೀರು, ನೀರು ಒಳಬರುವ ಬಾಯಿಗೆ ಕಸ ತಡೆಯುವ ಕಬ್ಬಿಣದ ಜಾಳಿಗೆ, ಮೇಲೆ ಮೂರು ಮೋಟಾರು. ಅವು ಎತ್ತಿದ ನೀರು ಮೂವತ್ತು ಕಿಲೋಮೀಟರ್ ಕೊಳವೆಯಲ್ಲಿ ಹರಿದು ಪೇಟೆಯ ನಳಗಳಲ್ಲಿ ಎಂಟು ದಿನಕ್ಕೊಮ್ಮೆ ಬೀಳುತ್ತದೆ. ಗುರುಪಾದ ಅಲ್ಲಿಯ ಎಲೆಕ್ಟ್ರಿಷಿಯನ್. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು, ಕಣ್ಣು ಮುಚ್ಚಿ ಕೂತಿದ್ದ ಪ್ರಿನ್ಸಿಪಾಲರನ್ನೇ 'ನಾನ್ಯಾವಾಗ ಎದ್ದೆ?' ಎಂದು ಗಾಬರಿಪಡಿಸಿದವನು. ನೌಕರಿಗೆ ಬಂದ ಮೇಲೂ ಎಂಜಿನಿಯರ್ ಸಾಹೇಬರ ಮೂಗಿನ ದನಿ, ನೀರು ಬರಲಿಲ್ಲವೆಂದು ಫೋನ್ ಮಾಡುವ ಕಾರ್ಪೊರೇಟರನ ಕೆಮ್ಮು, ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು. ಮೂರು ವರ್ಷದ ಹಿಂದೆ ಒಂದೇ ದಿನ ಎಲ್ಲರನ್ನೂ ಖಾಲಿ ಮಾಡಿಸಿದ. ಯಾಕೆಂದು ಯಾರೂ ಕೇಳಲಿಲ್ಲ. ಅದೇ ದಿನ ಪಂಪ್ ಆಪರೇಟರ್ ಮಾಂತಪ್ಪ ಹೊಳೆಯ ಪಾಲಾಗಿದ್ದ.

ಶ್ರಾವಣದ ಮಧ್ಯಾಹ್ನ, ಹೊಳೆ ದಂಡೆ ಮುಟ್ಟಿ ಹರಿಯುತ್ತಿತ್ತು. ಜಾಳಿಗೆಯ ಕಸ ತೆಗೆಯಲು ಹಗ್ಗ ಕಟ್ಟಿಕೊಂಡು ಇಳಿದವನು ಮೇಲೆ ಬರಲಿಲ್ಲ. ಹಗ್ಗದ ತುದಿ ಬಂತು, ಅವನು ಬರಲಿಲ್ಲ. ಮೂರು ದಿನ ದೋಣಿ ಹಾಕಿ ಹುಡುಕಿದರು, ಹೆಣ ಸಿಗಲಿಲ್ಲ. 'ದೋಸ್ತ ಹೋದಾಂವ ಗುರಪ್ಪನ ನಾಲಿಗೀನೂ ಒಯ್ದ' ಎಂದು ಜನ ಮರುಗಿದರು.

ಆ ಮಾಂತಪ್ಪನ ದನಿ ಗುರುಪಾದನಿಗೆ ಮತ್ತೆ ಕೇಳಿದ್ದು ಮೂರನೇ ಮೋಟಾರಿನೊಳಗೆ.

ಬೇರಿಂಗ್ ಸವೆದಿದೆಯೋ ಇಲ್ಲವೋ ನೋಡಲು ಮೋಟಾರಿನವರದೊಂದು ಪದ್ಧತಿಯಿದೆ. ಮರದ ಹಿಡಿಯ ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚುವುದು. ಒಳಗಿನ ಗುಂಡುಗಳು ಉರುಳುವುದು ತಲೆಯೊಳಗೇ ಕೇಳುತ್ತದೆ. ಆ ದಿನ ಊಟದ ಹೊತ್ತಿಗೆ ಮೋಟಾರಿನ ವೇಗ ಇಳಿಸಿ ಗುರುಪಾದ ಹಾಗೆ ಹಚ್ಚಿದ. ಗುರ್ ಎನ್ನುವ ಸದ್ದು ಬಂತು, ಅದು ನಿಧಾನಕ್ಕೆ ಗೊಗ್ಗರಾಯಿತು, ಗೊಗ್ಗರು ಒಮ್ಮೆ ಕ್ಯಾಕರಿಸಿತು. ಆಮೇಲೆ ಸ್ಪಷ್ಟವಾಗಿ ಅಂದಿತು:

"ನಡಿಯೋ ನನ್ನ ಎತ್ತ. ಪ್ರೆಶರ್ ನಾಕೂವರಿ. ಇವತ್ತ ನೀನೂ ಶಾಣ್ಯಾ ಅದೀ, ನಾನೂ ಶಾಣ್ಯಾ ಅದೀನಿ."

ಸ್ಕ್ರೂಡ್ರೈವರ್ ಕೈಯಿಂದ ಜಾರಿ ಗುರುಪಾದನ ಕಾಲ ಮೇಲೆ ಬಿತ್ತು. ಇನ್ನೊಬ್ಬ ಆಪರೇಟರ್ ದಾವಲಸಾಬ ಬುತ್ತಿ ಬಿಟ್ಟು ಓಡಿ ಬಂದ.

"ಮಾಂತಣ್ಣ ಮಾತಾಡಿದ ದಾವಲಣ್ಣ. ಮೋಟಾರಿನ್ಯಾಗ."

"ಮೂರು ವರ್ಷ ಆದ ಮ್ಯಾಲ ಮತ್ತ ಚಾಲೂ ಮಾಡಿದೇನು ನಿನ್ನ ಆಟ? ಸತ್ತಾವನ ದನಿ ತಗೀಬಾರದೋ, ಪಾಪ ಹತ್ತತೈತಿ."

"ನಾ ತಗದಿಲ್ಲೋ! ನೀನ ಹಚ್ಚಿ ಕೇಳು."

ದಾವಲಸಾಬ ಹಚ್ಚಿ ಕೇಳಿದ. ಕೇಳಿ ನೆಲದ ಮೇಲೆ ಕೂತುಬಿಟ್ಟ. ಅವನ ಬಾಯಲ್ಲಿದ್ದ ರೊಟ್ಟಿಯ ತುತ್ತು ಬಹಳ ಹೊತ್ತು ಅಲ್ಲೇ ಇತ್ತು.

ವೇಗ ಬದಲಿಸಿದರೆ ಮಾತು ಬದಲಾಗುತ್ತಿತ್ತು. ಒಂದು ವೇಗದಲ್ಲಿ ಆಂಪಿಯರ್ ಎಣಿಕೆ, ಒಂದರಲ್ಲಿ ಬೈಗುಳ, ಒಂದರಲ್ಲಿ "ನೀಲಾ ಇವತ್ತ ಪುಂಡಿಪಲ್ಯ ಇಟ್ಟಾಳ" ಎನ್ನುವ, ಹೆಂಡತಿ ಕಟ್ಟಿದ ಬುತ್ತಿಯ ಸಡಗರ. ಮೊಬೈಲು ಹಿಡಿದರೆ ಬರೀ ಗುಂಯ್. ಎಲುಬಿಗೆ ಮಾತ್ರ ಕೇಳುವ ದನಿ ಅದು.

ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನಿಂದ ವಸುಂಧರಾ ಮೇಡಂ ಬಂದರು. ಮೋಟಾರಿನ ನಡುವೆ ತಿರುಗುವ ಶಾಫ್ಟಿಗೆ ತಮ್ಮ ಯಂತ್ರದ ಮುಳ್ಳು ತಾಗಿಸಿ ಅರ್ಧ ನಿಮಿಷ ಓದಿದರು. ಏನೋ ತಪ್ಪಿತೆನ್ನುವ ಹಾಗೆ ಫಕ್ಕನೆ ತೆಗೆದರು. ಅಂದು ಸಂಜೆ ಗುರುಪಾದ ಮತ್ತೆ ಕೇಳಿದಾಗ "ಇವತ್ತ ಪುಂಡಿಪಲ್ಯ ಇಟ್ಟಾಳ" ಎಂದಷ್ಟೇ ಬಂತು. ಮೊದಲಿಗಿದ್ದ ಹೆಸರು ಹೋಗಿತ್ತು.

ಎರಡು ದಿನ ಬಿಟ್ಟು ಮೇಡಂ ಅವನನ್ನು ತಮ್ಮ ಪ್ರಯೋಗಶಾಲೆಗೆ ಕರೆಸಿದರು. ಮೇಜಿನ ಮೇಲೊಂದು ಚಿಕ್ಕ ಮೋಟಾರು ಬಿಚ್ಚಿ ಹರವಿತ್ತು.

"ನೋಡ್ರಿ ಗುರುಪಾದ, ಈಗಿನ ಡ್ರೈವ್‌ಗಳು ಕರೆಂಟನ್ನ ಕೊತ್ತಂಬರಿ ಹೆಚ್ಚಿದಂಗ ಹೆಚ್ಚಿ ಮೋಟಾರಿಗೆ ಕೊಡತಾವ. ಆ ಹೆಚ್ಚೋಣದಾಗ ಶಾಫ್ಟಿನ ಮ್ಯಾಲ ಒಂದಿಷ್ಟು ಚಾರ್ಜ್ ಕೂಡತದ. ಅದು ಭೂಮಿಗೆ ಹೋಗಬೇಕು. ದಾರಿ ಇಲ್ಲಂದ್ರ ಬೇರಿಂಗಿನ ಎಣ್ಣಿ ಪದರಾ ಹರದು ಕಿಡಿ ಹಾರಸತದ, ಬೇರಿಂಗ್ ತಿಂದು ಹಾಕತದ."

"ಅದಕ್ಕ ನಮ್ಮಲ್ಲಿ ಪಿಂಗಾಣಿ ಹೊದಿಕಿ ಬೇರಿಂಗ್ ಹಾಕ್ಯಾರಲ್ರೀ?"

"ಅದ ಆದದ್ದು. ಬೇರಿಂಗ್ ಉಳೀತು, ಚಾರ್ಜಿಗೆ ಇದ್ದೊಂದು ಬಾಗಿಲಾನೂ ಮುಚ್ಚಿತು. ಪಂಪಿನ ಕಡೆ ರಬ್ಬರ್ ಕಪ್ಲಿಂಗ್, ಅತ್ಲಾಗೂ ದಾರಿ ಇಲ್ಲ. ಅದು ವರ್ಷಗಟ್ಟಲೆ ಶಾಫ್ಟಿನ ಮ್ಯಾಲ ಪದರ ಪದರಾಗಿ ಕೂತದ. ಮಗ್ಗಲಕ್ಕ ಕೂತು ಯಾರರ ಮಾತಾಡಿದ್ರ ಆ ದನಿಗೆ ಪದರಾ ನಡುಗಿ, ನಡುಕಾ ಹಂಗ ಹೆಪ್ಪುಗಟ್ಟೇದ. ಇದು ಹಿಂಗ ಆಗತದಂತ ಯಾವ ಪುಸ್ತಕದಾಗೂ ಇಲ್ಲ. ಆದ್ರ ಆಗೇದ."

"ನಾವೂ ಮಾತಾಡ್ತೀವಲ್ರೀ. ನಮ್ಮ ದನಿ ಯಾಕ ಇಲ್ಲ?"

"ಮೋಟಾರಿನ ಮಗ್ಗಲಕ್ಕ ಕೂತು ಮೋಟಾರಿಗೆ ಮಾತಾಡಿದ್ರೇನು ನೀವು?"

ಗುರುಪಾದ ಯೋಚಿಸಿದ. ಮೂರನೆಯದರ ಹತ್ತಿರ ಸ್ಟೂಲು ಎಳೆದುಕೊಂಡು ಎಮ್ಮೆ ಮೈದಡವಿದಂತೆ ಅದರ ಮೈದಡವುತ್ತಿದ್ದವನು ಮಾಂತಪ್ಪನೊಬ್ಬನೇ. ಅವನು ಹೋದ ಮೇಲೆ ಆ ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ.

"ಸರಕಾರಿ ನೌಕರದಾಂವ ಚಾರ್ಜ್ ಕೊಟ್ಟು ಹೋಗಬೇಕಲ್ರೀ ಮೇಡಂ. ಮಾಂತಣ್ಣ ಕೊಡದ ಹೋಗ್ಯಾನ, ಅದಕ್ಕ ಹಿಂಗ" ಎಂದ. ಮೂರು ವರ್ಷದಲ್ಲಿ ಬಾಯಿಂದ ಬಿದ್ದ ಮೊದಲ ಕುಚೋದ್ಯ. ಬಿದ್ದ ಮೇಲೆ ಅವನಿಗೇ ಅಳು ಬಂತು.

ಮೇಡಂ ಕನ್ನಡಕ ತೆಗೆದು ಒರೆಸಿದರು. "ನಾನು ಅಳೀಲಿಕ್ಕೆ ಮುಳ್ಳು ತಾಗಿಸಿದಾಗ ಒಂದು ಶಬ್ದ ಹೋತಲ್ಲ, ಅದು ನನ್ನ ತಪ್ಪು. ಅಳತಿ ಮಾಡಿದ್ರ ಸೋರತದ. ರೆಕಾರ್ಡ್ ಮಾಡ್ಲಿಕ್ಕೆ ಆಗೂದಿಲ್ಲ. ಮತ್ತ ಹಂಗ ಬಿಡಲಿಕ್ಕೂ ಆಗೂದಿಲ್ಲ. ಪದರಾ ತುಂಬೇದ. ಇನ್ನ ಹತ್ತು ದಿನದಾಗ ಅದು ಸಿಕ್ಕ ಕಡೆ ಹಾರತದ. ಮೋಟಾರ್ ಸುಡತದ, ಮುಂದ ನಿಂತ ಮನಿಶ್ಯಾನೂ ಸುಡಬಹುದು."

ಅವರು ಮುಂದಿಟ್ಟದ್ದು ಅಂಗೈಯಗಲದ ಒಂದು ಬಳೆ. ಅದರ ಒಳಸುತ್ತಿಗೆ ರೆಪ್ಪೆಗೂದಲಿನಂಥ ಕಪ್ಪು ಕಾರ್ಬನ್ ನಾರು. ಶಾಫ್ಟನ್ನು ಮೃದುವಾಗಿ ತಾಗುತ್ತ, ಕೂತ ಚಾರ್ಜನ್ನು ತಂತಿಯ ಮೂಲಕ ನೆಲಕ್ಕಿಳಿಸುವ ಬುರುಸು.

"ಇದನ್ನ ತಾಗಿಸಿದ ಕೂಡಲೇ ಮೊದಲು ಕೂತದ್ದು ಮೊದಲು ಬಿಡತದ. ಶುರುವಿನಿಂದ ಕಡೀತನಕ ಸಾಲಾಗಿ, ಒಂದೆರಡು ನಿಮಿಷ. ಆವಾಗ ಕಿವಿ ಹಚ್ಚಿದವರಿಗೆ ಎಲ್ಲಾ ಕೇಳತದ. ಕಡೀ ದಿವಸದ ಮಾತು ಇನ್ನೂ ಯಾವ ವೇಗಕ್ಕೂ ನಮಗ ಸಿಕ್ಕಿಲ್ಲ ನೋಡ್ರಿ, ಅದೂ."

ಕಡೆಯ ದಿವಸದ್ದು ಏನೆಂದು ಗುರುಪಾದನಿಗೆ ಗೊತ್ತಿತ್ತು. ಗೊತ್ತಿದ್ದವನು ಅವನೊಬ್ಬನೇ.

ಆ ಮಧ್ಯಾಹ್ನ ಅವನು ಮೇಲಿನ ಪ್ಯಾನಲ್ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಬೇಜಾರಾಗಿತ್ತು. ಕೆಳಗೆ ಮೂರನೇ ಮೋಟಾರಿನ ಮಗ್ಗುಲಲ್ಲಿ ದನಿ ಕೇಳಿಸುವ ಇಂಟರ್‌ಕಾಮ್ ಒತ್ತಿ ಸಾಹೇಬರ ಮೂಗು ಏರಿಸಿಕೊಂಡು, "ಮಹಾಂತಪ್ಪ, ಜಾಳಿಗಿ ಕಸ ತಗದಿಲ್ಲಂತಲ್ಲ? ಈಗಿಂದೀಗ ಇಳೀರಿ. ರಿಪೋರ್ಟ್ ಬೇಕು ನನಗ" ಎಂದ. ಆಚೆಯಿಂದ ಬೆಕ್ಕಿನ ಮರಿಯಂಥ ದನಿ ಬಂತು: "ಹೂಂರೀ ಸಾಹೇಬ್ರ. ಈಗ ಇಳೀತೀನ್ರಿ." ಗುರುಪಾದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಚಹಾ ಮುಗಿಸಿ, ಕೆಳಗೆ ಹೋಗಿ ಚೇಷ್ಟೆ ಮಾಡಿದರಾಯಿತೆಂದು ಕೂತ. ಹತ್ತು ನಿಮಿಷ. ಹತ್ತೇ ನಿಮಿಷ. ಇಳಿದು ಹೋದಾಗ ಏಣಿಯ ಬಳಿ ಹಗ್ಗವಷ್ಟೇ ನೀರಿನಲ್ಲಿ ಹೊಯ್ದಾಡುತ್ತಿತ್ತು.

ಸಾಹೇಬರಿಗೆ ಅವನು ಹೇಳಲಿಲ್ಲ, ಪೊಲೀಸರಿಗೆ ಹೇಳಲಿಲ್ಲ, ಹೆಂಡತಿ ಸುಮಂಗಲೆಗೂ ಹೇಳಲಿಲ್ಲ. ಮಾಂತಪ್ಪನ ಹೆಂಡತಿ ನೀಲವ್ವನಿಗಂತೂ, ವಾರಕ್ಕೆರಡು ಸಲ ಅವಳ ಕಟ್ಟೆಯ ಮೇಲೆ ಕೂತು ಅವಳು ಬಡಿದ ರೊಟ್ಟಿ ತಿಂದರೂ, ಹೇಳಲಿಲ್ಲ.

ಈಗ ಅದು ಶಾಫ್ಟಿನ ಮೇಲೆ ಕೂತಿದೆ. ಅವನದೇ ದನಿ, ಸಾಹೇಬರ ಮೂಗಿನಲ್ಲಿ.

ಮನೆಗೆ ಬಂದರೆ ನಳದ ದಿನ. ಓಣಿಯ ತುಂಬ ಬ್ಯಾರಲ್ಲು, ಕೊಡ, ಪಾತೇಲಿ. ನಳ ಮಾತ್ರ ಗಾಳಿ ಉಗುಳುತ್ತಿತ್ತು. ಸುಡುವ ಭಯಕ್ಕೆ ಮೂರನೇ ಮೋಟಾರನ್ನು ಅರ್ಧ ವೇಗಕ್ಕಿಳಿಸಿದ್ದರು.

"ನಿಮ್ಮ ಮೋಟಾರ್ ಮಾತಾಡ್ತೈತಂತ, ನಮ್ಮ ನಳ ಬಾಯಿ ಬಿಡವಲ್ದು" ಎಂದಳು ಸುಮಂಗಲೆ. ಓಣಿಯವರು ನಕ್ಕರು. ಅವಳು ದನಿ ತಗ್ಗಿಸಿ, "ಆ ಬುರುಸು ಯಾವಾಗ ಕುಂದ್ರಸ್ತೀರಿ? ಬಾಜೂಮನಿ ಬಾಣಂತಿಗೆ ಮೈ ತೊಳಿಯಾಕ ತಟಗು ನೀರಿಲ್ಲ" ಎಂದಳು.

"ಸಾಹೇಬ್ರು ಸೋಮವಾರ ಅಂದಾರ. ನೀಲಾ ವೈನಿ ಬ್ಯಾಡ ಅಂತ ಹಟ ಹಿಡದು ಕುಂತಾಳ."

ಹೌದು. ಸುದ್ದಿ ತಿಳಿದ ದಿನದಿಂದ ನೀಲವ್ವ ದಿನಾ ಮಧ್ಯಾಹ್ನ ಜಾಕ್‌ವೆಲ್ಲಿಗೆ ಬರುತ್ತಿದ್ದಳು. ಕುಂಕುಮ ಹಚ್ಚಿದ್ದಳು, ಹಚ್ಚಬೇಕೋ ಬೇಡವೋ ಎಂದು ಊರವರು ಮೂರು ವರ್ಷದಿಂದ ವಾದಿಸುತ್ತಿದ್ದರು, ಅವಳು ವಾದ ಕೇಳುತ್ತ ಹಚ್ಚುತ್ತಿದ್ದಳು. ಮಾಂತಪ್ಪನ ಸ್ಟೂಲಿನ ಮೇಲೆ ಕೂತು ಸ್ಕ್ರೂಡ್ರೈವರ್ ಕಿವಿಯ ಹಿಂದೆ ಇಟ್ಟುಕೊಂಡರೆ ಎರಡು ತಾಸು ಏಳುತ್ತಿರಲಿಲ್ಲ. "ಬುರುಸ ಹಚ್ಚಾವರು ನನ್ನ ದಾಟಿ ಹಚ್ಚರಿ" ಎಂದಿದ್ದಳು. ಅವಳನ್ನು ಎಬ್ಬಿಸುವ ಧೈರ್ಯ ಸಾಹೇಬರಿಗೂ ಇರಲಿಲ್ಲ.

ಶನಿವಾರ ಮುಂಜಾನೆ ಅವಳು ಇನ್ನೂ ಬಂದಿರಲಿಲ್ಲ. ದಾವಲಸಾಬ ಡೀಸೆಲ್ ತರಲು ಹೋಗಿದ್ದ. ಗುರುಪಾದ ಬುರುಸಿನ ಬಳೆಯನ್ನು ಕೈಗೆತ್ತಿಕೊಂಡ. ಎರಡೇ ನಿಮಿಷದ ಕೆಲಸ. ಯಾರ ಕಿವಿಯೂ ಇಲ್ಲ. ಊರಿಗೆ ನೀರು, ತನಗೆ ನೆಮ್ಮದಿ. ಆ ಮೂಗಿನ ದನಿ ಯಾರಿಗೂ ಕೇಳದೆ ನೆಲದೊಳಗೆ ಹೋಗುತ್ತದೆ. ಶಾಫ್ಟಿನ ಹತ್ತಿರ ಹತ್ತಿರ ಒಯ್ದ. ನಾರಿನ ತುದಿ ಬೆರಳುದ್ದ ದೂರದಲ್ಲಿದ್ದಾಗಲೇ ಒಂದು ನೀಲಿ ಕಿಡಿ ಚಿಟಿಲ್ ಎಂದಿತು. ಮಾಂತಪ್ಪನ ಯಾವುದೋ ಒಂದು ಮಾತು ಹೋಯಿತು. ಏನು ಹೋಯಿತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಬುರುಸನ್ನು ಡಬ್ಬಿಗೆ ಹಾಕಿ, ಸೈಕಲ್ ಹತ್ತಿ, ಸೀದಾ ನೀಲವ್ವನ ಮನೆಗೆ ಹೋದ.

ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬಾ ಗುರಪ್ಪಾ. ಸೋಮವಾರದ ಮಾತು ಹೇಳಾಕ ಬಂದಿ, ಹೌದಿಲ್ಲೋ? ಹೇಳಬ್ಯಾಡ. ಮೊದಲ ನಂದೊಂದು ಕೆಲಸ ಮಾಡು."

"ಹೇಳ್ರಿ ವೈನಿ."

"ಆ ಕಾಲೇಜಿನ ಬಾಯಾರ ಮಿಷನ್ನು ನನ್ನ ಹೆಸರ ತಿಂದು ಹಾಕ್ತು. ಉಳದದ್ದೆಲ್ಲಾ ಐತಿ, ಪುಂಡಿಪಲ್ಯನೂ ಐತಿ, ನಾನ ಇಲ್ಲ." ಹಿಟ್ಟಿನ ಕೈಯಿಂದಲೇ ಹಣೆಯ ಕೂದಲು ಸರಿಸಿದಳು. "ನೀ ಅವರ ದನಿ ಹುಬೇಹೂಬ ತಗೀತಿದ್ದಿ. ಒಮ್ಮೆ ನಾ ಮೋಸ ಹೋಗಿ, ಬಂದ್ರಂತ ಚಹಾಕ್ಕ ಇಟ್ಟಿದ್ದೆ, ನೆನಪೈತಿಲ್ಲೋ? ಒಂದ ಸಲ ಕರಿ. ನೀಲಾ ಅನ್ನು. ಸುಳ್ಳಂತ ಗೊತ್ತಿದ್ರೂ ನಡೀತೈತಿ."

ಗುರುಪಾದ ಗಂಟಲು ಸರಿಮಾಡಿಕೊಂಡ. ದನಿ ಅಲ್ಲೇ ಇತ್ತು, ಮೂರು ವರ್ಷ ಬೀಗ ಹಾಕಿದ ಕೋಣೆಯಲ್ಲಿ ದೂಳು ಸಹ ಕೂತಿರಲಿಲ್ಲ. ಬಾಯಿ ತೆರೆದ.

"ವೈನಿ, ಮಾಂತಣ್ಣನ್ನ ಹೊಳಿಗೆ ಇಳಸಿದಾಂವ ನಾನ" ಎಂದ. ಅದು ಅವನದೇ ದನಿ, ಒಡೆದದ್ದು.

ಎಲ್ಲವನ್ನೂ ಹೇಳಿದ. ಚಹಾ, ಇಂಟರ್‌ಕಾಮ್, ಸಾಹೇಬರ ಮೂಗು, ಹತ್ತು ನಿಮಿಷ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಯಿತು. ನೀಲವ್ವ ಅದನ್ನು ತೆಗೆಯಲಿಲ್ಲ, ಬೈಯಲಿಲ್ಲ, ಅಳಲೂ ಇಲ್ಲ. ಹೊಗೆಗೆ ಕಣ್ಣಲ್ಲಿ ನೀರು ಬಂದಾಗ ಸೆರಗಿನಿಂದ ಒರೆಸಿಕೊಂಡಳು.

ಆಮೇಲೆ ಕೇಳಿದಳು: "ಆ ಬುರುಸಿನ ತಂತಿ ಎಲ್ಲಿಗೆ ಹೋಗತೈತಿ?"

"ಹೊರಗ ಅರ್ಥ್ ಪಿಟ್ ಐತ್ರಿ. ಆಳೆತ್ತರ ತಗ್ಗು ತೋಡಿ, ಉಪ್ಪು, ಇದ್ದಲಿ ಹಾಕಿ ಮುಚ್ಚಿರ್ತೀವಿ. ಬ್ಯಾಸಗ್ಯಾಗ ನೀರು ಹಾಕ್ತೀವಿ. ತಂತಿ ಅದರಾಗ ಇಳೀತೈತಿ."

"ಉಪ್ಪು ಹಾಕ್ತೀರಿ?"

"ಹೂಂರಿ."

"ನಮ್ಮೊಳಗೂ ಹೂಳೂವಾಗ ಹಾಕ್ತಾರ." ಅವಳು ಸುಟ್ಟ ರೊಟ್ಟಿಯನ್ನು ಹಂಚಿನಿಂದ ತೆಗೆದು ನೆಲಕ್ಕಿಟ್ಟಳು. "ಯಾರರ ಹೋದ್ರ ಊರಾಗ ಕೇಳ್ತಾರಲ್ಲೋ, ಮಣ್ಣು ಯಾವಾಗ, ಮಣ್ಣು ಎಷ್ಟೊತ್ತಿಗೆ ಅಂತ. ಮೂರು ವರ್ಷ ಆತು ತಮ್ಮಾ, ನನ್ನ ಯಾರೂ ಕೇಳಿಲ್ಲ. ಮಣ್ಣು ಕೊಡಾಕ ಏನೂ ಇದ್ದಿದ್ದಿಲ್ಲ."

ಗುರುಪಾದ ಎದ್ದು ನಿಂತ.

"ಸೋಮವಾರ ಎಷ್ಟೊತ್ತಿಗೆ?" ಎಂದಳು.

"ಹನ್ನೊಂದಕ್ಕ."

"ಬರ್ತೀನಿ. ಬುರುಸ ನಿನ್ನ ಕೈಲೇ ಹಚ್ಚಬೇಕು. ಎರಡು ಸ್ಕ್ರೂಡ್ರೈವರ್ ಇಡು. ನನಗ ಕೇಳಿದ್ದು ನಿನಗೂ ಕೇಳಲಿ." ಒಲೆಯ ಕಡೆ ತಿರುಗಿ ಕೂತಳು. "ಈಗ ಹೋಗು. ನಿನ್ನ ಮಾರಿ ನೋಡಾಕ ಆಗವಲ್ದು ನನಗ."

ಸೋಮವಾರ ಅವಳು ಬಂದಾಗ ಕೈಯಲ್ಲಿ ಬಿಲ್ವಪತ್ರೆ, ವಿಭೂತಿ, ಒಂದು ತಂಬಿಗೆ ಹೊಳೆಯ ನೀರು. ಅರ್ಥ್ ಪಿಟ್ಟಿನ ಸಿಮೆಂಟ್ ಮುಚ್ಚಳ ತೆಗೆಸಿದಳು. ಪತ್ರೆ, ವಿಭೂತಿ ಹಾಕಿದಳು. ತಂದಿದ್ದ ಒಂದು ಹಿಡಿ ಉಪ್ಪು ಹಾಕಿದಳು. ದಾವಲಸಾಬ ಟೊಪ್ಪಿಗೆ ಸರಿಮಾಡಿಕೊಂಡು ಬಂದು ತಾನೂ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದ. ಪಿಟ್ಟಿನೊಳಗೆ ಏನೇನು ಹಾಕಬಾರದೆಂದು ವಸುಂಧರಾ ಮೇಡಂಗೆ ಗೊತ್ತಿತ್ತು. ಅವರು ಬಾಯಿ ತೆರೆದು, ಮುಚ್ಚಿ, ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು. ಗುರುಪಾದ ಮಾತ್ರ ದೂರ ನಿಂತಿದ್ದ. ನೀಲವ್ವ ಅವನನ್ನು ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಒಳಗೆ ದಾವಲಸಾಬ ವೇಗ ಇಳಿಸಿದ. ನೀಲವ್ವ ಒಂದು ಮಗ್ಗುಲಿಗೆ, ಗುರುಪಾದ ಇನ್ನೊಂದು ಮಗ್ಗುಲಿಗೆ, ಇಬ್ಬರ ಎಲುಬಿಗೂ ಮರದ ಹಿಡಿ. ಅವನು ಇನ್ನೊಂದು ಕೈಯಿಂದ ಬುರುಸನ್ನು ಶಾಫ್ಟಿಗೆ ತಾಗಿಸಿದ.

ಹೊರಟಿತು. ಮೊದಮೊದಲ ದಿನಗಳ ಮಾತು ಒಂದರ ಹಿಂದೊಂದು, ಜಾತ್ರೆಯಿಂದ ಮನೆಗೆ ಹೊರಟ ಮಂದಿಯ ಹಾಗೆ: ಪ್ರೆಶರ್ ನಾಕೂವರಿ, ನಡಿಯೋ ನನ್ನ ಎತ್ತ, ಹಲ್ಲುನೋವು, ಮಳೆ ಯಾವಾಗಲೋ ಏನೋ, ಸೀನು. ನೀಲಾ ಎನ್ನುವ ಹೆಸರು ಒಂದು ಸಲವಲ್ಲ, ಹನ್ನೊಂದು ಸಲ ಬಂತು. ಅದರಲ್ಲಿ ಒಂಬತ್ತು ಸಲ ಜಗಳ ಕಾಯ್ದ ಸಿಟ್ಟಿನಲ್ಲಿ. ಪ್ರತಿ ಸಲವೂ ನೀಲವ್ವ "ಹಾಂ" ಎಂದು ಓಗೊಟ್ಟಳು. ಅವಳು ಹಾಂ ಅನ್ನುವಷ್ಟರಲ್ಲಿ ಆ ಕರೆ ತಂತಿ ಇಳಿದು ನೆಲ ಸೇರಿರುತ್ತಿತ್ತು.

ಆಮೇಲೆ ಇಂಟರ್‌ಕಾಮ್ ಗರಗರ ಎಂದಿತು. ಗುರುಪಾದ ಕಣ್ಣು ಮುಚ್ಚಿದ.

"ಮಹಾಂತಪ್ಪ, ಜಾಳಿಗಿ ಕಸ ತಗದಿಲ್ಲಂತಲ್ಲ? ಈಗಿಂದೀಗ ಇಳೀರಿ. ರಿಪೋರ್ಟ್ ಬೇಕು ನನಗ."

"ಹೂಂರೀ ಸಾಹೇಬ್ರ. ಈಗ ಇಳೀತೀನ್ರಿ."

ಟಕ್ ಎಂದು ಗುಂಡಿ ಬಿಟ್ಟ ಸದ್ದು. ಗುರುಪಾದನ ಮಟ್ಟಿಗೆ ಮಾಂತಪ್ಪ ಅಲ್ಲಿಗೆ ಮುಗಿದಿದ್ದ. ಆದರೆ ಶಾಫ್ಟು ತಿರುಗುತ್ತಲೇ ಇತ್ತು, ಬುರುಸು ತಾಗಿಯೇ ಇತ್ತು, ಮಾಂತಪ್ಪ ಮೋಟಾರಿನ ಕಡೆ ತಿರುಗಿದ್ದ.

"ಕೇಳಿದೇನ್ಲೇ? ಜಾಳಿಗಿ ಕಟ್ಟಿ ಆಂಪಿಯರ್ ಏರಿತಂತ ಹಗ್ಗಾ ಕಟಿಗೊಂಡು ಇಳಿಯಾಕ ನಿಂತಾವಗ ಇಳೀ ಅಂತಾನ! ಸಾಹೇಬ್ರನ್ನ ಮುಂಜಾನೆ ನಾನ ಬಸ್ ಹತ್ತಿಸಿ ಬಂದೀನಿ. ಇಂವ ಗುರ್ಯಾ. ಮೂಗಿನ ದನಿ ಮಾತ್ರ ಏನ್ ತಗೀತಾನೋ, ಹುಚ್ಚ ಮಗ. ಮ್ಯಾಲ ಕುಂತು ತಾನ ನಗತಿರಬೇಕು, ನನ್ನ ಬೇಸ್ತು ಬೀಳಿಸಿದೆ ಅಂತ..."

ಮಾತು ಅಲ್ಲಿ ತುಂಡಾಯಿತು, ನಗೆಯಿಂದ. ಮೊದಲು ಮೂಗಿನಲ್ಲಿ ತಡೆದ ನಗೆ, ಆಮೇಲೆ ಗಂಟಲಿಗೆ ಇಳಿದದ್ದು, ಆಮೇಲೆ ಹೊಟ್ಟೆಯದು. ಗುರುಪಾದ ಕಣ್ಣು ತೆರೆದ. ಎದುರಿಗೆ ನೀಲವ್ವ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಅಳುವುದಕ್ಕೆ ಹೊರಟು ನಡುದಾರಿಯಲ್ಲಿ ನಗುವಿಗೆ ತಿರುಗಿತ್ತು, ಕಣ್ಣು ತಿರುಗಿರಲಿಲ್ಲ. ಸ್ಕ್ರೂಡ್ರೈವರ್ ಇಲ್ಲದೆ ಪ್ಯಾನಲ್ಲಿನ ಹತ್ತಿರ ನಿಂತಿದ್ದ ದಾವಲಸಾಬನೂ ಬೆಚ್ಚಿ ತಿರುಗಿದ. ಬಾವಿಯ ದುಂಡು ಗೋಡೆಗೆ ಬಡಿಯುತ್ತ, ಪಂಪಿನ ಸದ್ದನ್ನೂ ಅಲ್ಲಿದ್ದವರೆಲ್ಲರ ಬಿಕ್ಕಳಿಕೆಯನ್ನೂ ಅಡಗಿಸಿ, ತಂತಿ ಹಿಡಿದು ಮಣ್ಣಿಗಿಳಿಯುತ್ತಲೇ ಮಾಂತಪ್ಪ ಬಿದ್ದು ಬಿದ್ದು ನಗುತ್ತಿದ್ದ.